ಯೆಗ್ ಅಲ್ಲ, ಎಗ್: ಅಕ್ಕನ ಮಗಳ ಇಂಗ್ಲಿಷ್ ರಿವಿಷನ್

ಅಕ್ಕನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಕನ್ನಡ ಮೀಡಿಯಂ. ಭಾನುವಾರ ಬಂತೆಂದರೆ ಗ್ರಾಮರ್ ಪುಸ್ತಕ ಹಿಡಿದು ನಮ್ಮನೆಗೆ ಬರುತ್ತಾಳೆ. "ಮಾಮಾ, ನೌನ್‌ನಿಂದ ಶುರು ಮಾಡೋಣ್ವಾ?" ಅಂದಳು. ಬೇಡ ಅಂದೆ. ನಾಮಪದ, ಸರ್ವನಾಮ, ಕ್ರಿಯಾಪದ ಎಲ್ಲ ಅವಳಿಗೆ ಕನ್ನಡ ಪಿರಿಯಡ್‌ನಲ್ಲೇ ಬಂದಿದೆ. ಅದನ್ನೇ ಮತ್ತೆ ಉರು ಹೊಡೆಯುವುದು ಸುಮ್ನೆ ಟೈಮ್ ವೇಸ್ಟ್. ಕನ್ನಡದಲ್ಲಿ ಇಲ್ಲದ್ದು ಇಂಗ್ಲಿಷ್‌ನಲ್ಲಿ ಎಲ್ಲೆಲ್ಲಿದೆಯೋ, ನಮ್ಮ ಮಕ್ಕಳ ಮಾರ್ಕ್ಸ್ ಹೋಗುವುದು ಅಲ್ಲಲ್ಲೇ.

ಮೊದಲನೆಯದು ಆರ್ಟಿಕಲ್. ಎ, ಇ, ಐ, ಒ, ಯು ಬಂದರೆ 'ಆನ್' ಅಂತ ಕ್ಲಾಸಿನಲ್ಲಿ ಹೇಳಿಕೊಟ್ಟಿರುತ್ತಾರೆ. ಅದನ್ನು ನಂಬಿಕೊಂಡು ಹುಡುಗರು 'ಆನ್ ಯೂನಿವರ್ಸಿಟಿ' ಅಂತ ಬರೆದು ಬರುತ್ತಾರೆ. ಇಲ್ಲಿ ನೋಡಬೇಕಾದ್ದು ಸ್ಪೆಲಿಂಗ್ ಅಲ್ಲ, ಸದ್ದು. ಅದಕ್ಕೆ ನಮ್ಮ ಲಿಪಿಯೇ ಸಾಕು. ಪದವನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಮೊದಲ ಅಕ್ಷರ ಸ್ವರವಾದರೆ 'ಆನ್', ವ್ಯಂಜನವಾದರೆ 'ಎ'. 'ಅವರ್' ಅಂತ ಬರೆದರೆ ಸ್ವರ, ಹಾಗಾಗಿ ಆನ್ ಅವರ್. 'ಆನೆಸ್ಟ್' ಕೂಡ ಹಾಗೇ. 'ಯೂನಿವರ್ಸಿಟಿ', 'ಯೂರೋಪಿಯನ್' ಎರಡೂ ಯಕಾರ, ಹಾಗಾಗಿ ಎ. 'ಎಂ.ಎಲ್.ಎ.'ಗೆ ಆನ್.

ಪುಟ್ಟಿಗೆ ಇದು ಎಷ್ಟು ಹಿಡಿಸಿತೆಂದರೆ ಅಡುಗೆಮನೆ ಸಾಮಾನಿಗೆಲ್ಲ ಎ, ಆನ್ ಹಚ್ಚುತ್ತಾ ಓಡಾಡಿದಳು. ಮೊಟ್ಟೆ ಹತ್ತಿರ ಬಂದು 'ಎ ಯೆಗ್' ಅಂದಳು. ತಪ್ಪು ಅವಳದ್ದಲ್ಲ, ನಮ್ಮ ನಾಲಿಗೆಯದ್ದು. 'ಎಲ್ಲಿ' ಅನ್ನುವುದನ್ನು 'ಯೆಲ್ಲಿ' ಅನ್ನುವವರು ನಾವು. ಆ ಯಕಾರ ಇಂಗ್ಲಿಷ್ ಪದಕ್ಕೂ ಹೋಗಿ ಅಂಟಿಕೊಳ್ಳುತ್ತದೆ. 'ಒನ್' ವಿಷಯದಲ್ಲಿ ಇದು ಉಲ್ಟಾ: ನಾವು ಒಕಾರ ಬರೆಯುತ್ತೇವೆ, ಇಂಗ್ಲಿಷ್‌ನಲ್ಲಿ ಅದು 'ವನ್'. ಆದ್ದರಿಂದ ಎ ಒನ್-ರುಪೀ ಕಾಯಿನ್. ಇವೆರಡು ಕಡೆ ಹುಷಾರಾಗಿದ್ದರೆ ಸಾಕು.

ಆಮೇಲೆ ರಿಪೋರ್ಟೆಡ್ ಸ್ಪೀಚ್. ಇದಕ್ಕೆ ಅರ್ಧ ಭಾನುವಾರ ಕೊಟ್ಟೆವು. "ನಾನು ನಾಳೆ ಬರ್ತೀನಿ ಅಂತ ರವಿ ಹೇಳಿದ." ನಮ್ಮಲ್ಲಿ ರವಿಯ ಮಾತು ಮುಟ್ಟುವ ಹಾಗಿಲ್ಲ. ನಾನು ನಾನೇ, ನಾಳೆ ನಾಳೆಯೇ, ಹಿಂದೆ ಒಂದು 'ಅಂತ' ಸೇರಿಸಿದರೆ ಮುಗಿಯಿತು. ಇಂಗ್ಲಿಷ್‌ನಲ್ಲಿ ಹೇಳುವವನು ಇಡೀ ಮಾತನ್ನು ತನ್ನ ಜಾಗಕ್ಕೆ ಎಳೆದುಕೊಳ್ಳುತ್ತಾನೆ: ರವಿ ಸೆಡ್ ದಟ್ ಹೀ ವುಡ್ ಕಮ್ ದ ನೆಕ್ಸ್ಟ್ ಡೇ. 'ಐ' ಹೋಗಿ 'ಹೀ', 'ವಿಲ್' ಹೋಗಿ 'ವುಡ್', 'ಟುಮಾರೋ' ಹೋಗಿ 'ದ ನೆಕ್ಸ್ಟ್ ಡೇ'. ಮೂರು ಕಡೆ ಬದಲಾವಣೆ. ಪುಟ್ಟಿ ಪೆನ್ಸಿಲ್‌ನಲ್ಲಿ ಮೊದಲು ಆ ಮೂರು ಪದಕ್ಕೆ ಗೋಲ ಹಾಕುತ್ತಾಳೆ, ಆಮೇಲೆ ಬರೆಯುತ್ತಾಳೆ. ಪ್ರಶ್ನೆ ಬಂದರೆ ಇನ್ನೊಂದು ಕಿರಿಕ್. 'ವೇರ್ ಆರ್ ಯು ಗೋಯಿಂಗ್?' ಅನ್ನುವಾಗ ತಿರುವುಮುರುವಾದ ಪದಗಳು, ಬೇರೆಯವರ ಬಾಯಲ್ಲಿ ಮತ್ತೆ ನೆಟ್ಟಗಾಗುತ್ತವೆ: ಹೀ ಆಸ್ಕ್ಡ್ ಮಿ ವೇರ್ ಐ ವಾಸ್ ಗೋಯಿಂಗ್. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೂ ಇಲ್ಲ.

ಫಿಗರ್ಸ್ ಆಫ್ ಸ್ಪೀಚ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. "ಸೀತೆಯ ಮುಖ ಕಮಲದಂತೆ ಅರಳಿತು" ಅನ್ನುವುದರಲ್ಲಿ ಉಪಮೇಯ ಯಾವುದು, ಉಪಮಾನ ಯಾವುದು, ವಾಚಕ ಯಾವುದು, ಸಮಾನಧರ್ಮ ಯಾವುದು ಅಂತ ಪಟಪಟ ಬಿಡಿಸುವ ಹುಡುಗಿಗೆ ಸಿಮಿಲಿ ಯಾವ ಲೆಕ್ಕ? 'ಅಂತೆ' ಇದ್ದ ಕಡೆ 'ಲೈಕ್' ಅಥವಾ 'ಆಸ್' ಹುಡುಕಿದರಾಯಿತು. ಅದೂ ಇಲ್ಲದೆ ಎರಡೂ ಒಂದೇ ಅಂದರೆ ಮೆಟಫರ್, ನಮ್ಮ ರೂಪಕ. ಅಲಿಟರೇಷನ್‌ನಲ್ಲಿ ಮಾತ್ರ ಒಂದು ಎಚ್ಚರ ಬೇಕು. ಹಳಗನ್ನಡ ಪದ್ಯದಲ್ಲಿ ಸಾಲಿನ ಎರಡನೇ ಅಕ್ಷರ ಸೇರುವ ಪ್ರಾಸ ನೋಡಿ ರೂಢಿಯಾದವರು ಇಂಗ್ಲಿಷ್‌ನಲ್ಲೂ ಅದನ್ನೇ ಹುಡುಕುತ್ತಾರೆ. ಅಲ್ಲಿ ಅಕ್ಕಪಕ್ಕದ ಪದಗಳ ಮೊದಲ ಸದ್ದು ಒಂದಾಗಬೇಕು. ಇಲ್ಲೂ ಸದ್ದೇ ಮುಖ್ಯ: 'ಕೈಟ್', 'ಕ್ಯಾಟ್' ಸ್ಪೆಲಿಂಗ್ ಬೇರೆಯಾದರೂ ಸೇರುತ್ತವೆ, 'ಸಿಟಿ', 'ಕ್ಯಾಟ್' ಎರಡೂ ಸಿ-ಯಿಂದ ಶುರುವಾದರೂ ಸೇರುವುದಿಲ್ಲ.

ಪ್ರಬಂಧದ ವಿಷಯಕ್ಕೆ ಬಂದರೆ ನನಗೆ ಗೈಡುಗಳ ಮೇಲೆ ಸಿಟ್ಟಿದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅನ್ನುವ ಚೌಕಟ್ಟು ಚೆನ್ನಾಗಿಯೇ ಇದೆ, ಇಂಗ್ಲಿಷ್‌ಗೂ ನಡೆಯುತ್ತದೆ. ಆದರೆ ಒಳಗೆ ತುಂಬುವುದು ಬರೀ ಅನುಕೂಲ, ಅನಾನುಕೂಲ. ಮೊಬೈಲ್ ಆದರೂ ಅದೇ, ಟಿವಿ ಆದರೂ ಅದೇ. ಥೀಸಿಸ್ ಸ್ಟೇಟ್‌ಮೆಂಟ್ ಅಂದರೆ ಏನು ಅಂತ ಪುಟ್ಟಿ ಕೇಳಿದಾಗ "ನೀನು ಅಪ್ಪನ ಜೊತೆ ಜಗಳ ಆಡುವಾಗ ಮೊದಲು ಏನು ಹೇಳ್ತೀಯ?" ಅಂದೆ. "ನನಗೆ ಫೋನ್ ಬೇಕು ಅಂತೀನಿ." ಅದೇ ಥೀಸಿಸ್. ಯಾಕೆ ಬೇಕು ಅನ್ನುವ ಒಂದೊಂದು ಕಾರಣಕ್ಕೂ ಒಂದೊಂದು ಪ್ಯಾರಾ, ಅದರ ಮೊದಲ ಸಾಲಿನಲ್ಲೇ ಕಾರಣ ಹೇಳಿಬಿಟ್ಟರೆ ಅದು ಟಾಪಿಕ್ ಸೆಂಟೆನ್ಸ್.

ಈಗ ಪೂರ್ತಿ ಪ್ರಬಂಧ ಬರೆಸುತ್ತಿಲ್ಲ. ಒಂದು ವಿಷಯ ಕೊಟ್ಟರೆ ಒಂದು ಥೀಸಿಸ್, ಮೂರು ಟಾಪಿಕ್ ಸೆಂಟೆನ್ಸ್, ಅಷ್ಟೇ. ಆ ನಾಲ್ಕು ಸಾಲು ಗಟ್ಟಿಯಾಗಿದ್ದರೆ ಉಳಿದದ್ದನ್ನು ಪರೀಕ್ಷೆಯಲ್ಲೇ ತುಂಬಿಸಬಹುದು. ಮುಂದಿನ ಭಾನುವಾರಕ್ಕೆ ಪ್ಲಾಸ್ಟಿಕ್ ಕೊಟ್ಟಿದ್ದೇನೆ. ಅನುಕೂಲ, ಅನಾನುಕೂಲ ಅಂತ ಬರೆದರೆ ತಿಂಡಿ ಕಟ್ ಅಂತಲೂ ಹೇಳಿದ್ದೇನೆ.