ನಮ್ಮ ಬ್ಯಾಕಪ್ ಟೂಲ್ ಈಗ ಎಲ್ಲರದ್ದೂ

ಹದಿನೈದು ದಿನದ ಹಿಂದೆ ನಮ್ಮ ಟೀಮಿನ ಬ್ಯಾಕಪ್ ಟೂಲ್ ಓಪನ್ ಸೋರ್ಸ್ ಆಯಿತು, ಅಂದರೆ ಅದರ ಕೋಡನ್ನು ಈಗ ಯಾರು ಬೇಕಾದರೂ ನೋಡಿ ಬಳಸಬಹುದು. ಆರು ವರ್ಷ ಕಂಪನಿಯ ಒಳಗೇ ಇದ್ದ ಕೋಡ್. ಅದರ ಕೆಲಸ ಇಷ್ಟೇ: ರಾತ್ರಿ ಡೇಟಾಬೇಸ್ ಬ್ಯಾಕಪ್ ತೆಗೆಯುತ್ತದೆ, ಆಮೇಲೆ ಅದನ್ನು ಇನ್ನೊಂದು ಮೆಷಿನ್‌ನಲ್ಲಿ ನಿಜವಾಗಿಯೂ ರಿಸ್ಟೋರ್ ಮಾಡಿ, ಪ್ರತಿ ಟೇಬಲ್‌ನ ಸಾಲುಗಳನ್ನು ಎಣಿಸಿ ತಾಳೆ ನೋಡುತ್ತದೆ. ಬ್ಯಾಕಪ್ ಇದೆ ಅಂತ ಧೈರ್ಯವಾಗಿದ್ದು, ಬೇಕಾದಾಗ ಫೈಲ್ ತೆರೆಯದೇ ಹೋದ ಸಂಕಟ ಒಮ್ಮೆ ಪಟ್ಟಿದ್ದೆವು. ಆಗ ಬರೆದದ್ದು. ಈ ಸಂಕಟ ಬೇರೆಯವರಿಗೂ ಇರುತ್ತೆ ಅಲ್ವಾ, ಸುಮ್ನೆ ನಾವೇ ಯಾಕೆ ಇಟ್ಟುಕೊಳ್ಳಬೇಕು ಅಂತ ಎರಡು ವರ್ಷದಿಂದ ಕೇಳುತ್ತಲೇ ಇದ್ದೆ.

ಪ್ರತಿಸ್ಪರ್ಧಿಗಳಿಗೆ ನಾವೇ ಕೊಟ್ಟ ಹಾಗಾಗುತ್ತೆ ಅನ್ನುವುದು ಮ್ಯಾನೇಜರ್ ಭಯ. ನಾನು ಜಾಂಗೋ ಅನ್ನುವ, ವೆಬ್‌ಸೈಟ್ ಕಟ್ಟಲು ಬಳಸುವ ಫ್ರೇಮ್‌ವರ್ಕ್‌ನ ಕಥೆ ಹೇಳಿದೆ. ಅದು ಹುಟ್ಟಿದ್ದು ಅಮೆರಿಕದ ಕ್ಯಾನ್ಸಸ್‌ನ ಒಂದು ಪತ್ರಿಕೆ, ಲಾರೆನ್ಸ್ ಜರ್ನಲ್-ವರ್ಲ್ಡ್‌ನಲ್ಲಿ. 2005ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟರು. ಪತ್ರಿಕೆ ಬದುಕುವುದು ಸುದ್ದಿಯಿಂದ, ಫ್ರೇಮ್‌ವರ್ಕ್‌ನಿಂದ ಅಲ್ಲ. ನಮ್ಮ ಗ್ರಾಹಕರೂ ಬ್ಯಾಕಪ್ ಟೂಲ್ ನೋಡಿ ಬಂದವರಲ್ಲ. ಒಪ್ಪಿಗೆ ಸಿಕ್ಕಿತು.

ಕೆಲಸ ಶುರುವಾಗಿದ್ದು ಅಲ್ಲಿಂದ. ಪೂರ್ತಿ ಮೂರು ತಿಂಗಳು ಹಿಡಿಯಿತು.

ಮೊದಲ ವಾರವೇ, ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನ ಹಿಸ್ಟರಿಯಲ್ಲಿ ಒಂದು ಪಾಸ್‌ವರ್ಡ್ ಸಿಕ್ಕಿತು. ನಾಲ್ಕು ವರ್ಷದ ಹಿಂದೆ ಯಾರೋ ಸೆಟ್ಟಿಂಗ್‌ಗಳಿರುವ ಕಾನ್ಫಿಗ್ ಫೈಲ್ ಕಮಿಟ್ ಮಾಡಿ (ಅಂದರೆ ಗಿಟ್‌ನಲ್ಲಿ ದಾಖಲಿಸಿ), ಮರುದಿನವೇ ಅಳಿಸಿದ್ದರು. ಆದರೆ ಗಿಟ್‌ನಲ್ಲಿ ಫೈಲ್ ಅಳಿಸಿದರೆ ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಉಳಿದಿರುತ್ತದೆ. ಮೊದಲು ಪಾಸ್‌ವರ್ಡ್ ಬದಲಾಯಿಸಿದೆವು. ಇನ್ನೂ ಏನೇನು ಅಡಗಿದೆಯೋ ಅಂತ, ಹಿಸ್ಟರಿ ಬಿಟ್ಟು ಹೊಸ ರೆಪೊ (ಕೋಡ್ ಇಡುವ ಜಾಗ) ಮಾಡಿದೆವು. ಇದು ನನಗೆ ನೋವಾಯಿತು. ಕೆಲಸ ಬಿಟ್ಟು ಹೋದ ಇಬ್ಬರು ಬರೆದ ಸಾಲುಗಳೆಲ್ಲ ಒಂದೇ ಕಮಿಟ್‌ನಲ್ಲಿ, ನನ್ನ ಹೆಸರಿನಲ್ಲಿ ಹೋಗುತ್ತವೆ. ಅವರಿಗೆ ಫೋನ್ ಮಾಡಿ, ಕೇಳಿ, ಆಥರ್ಸ್ ಫೈಲ್‌ನಲ್ಲಿ ಅವರ ಹೆಸರನ್ನೇ ಮೊದಲು ಹಾಕಿದೆ.

ಲೈಸೆನ್ಸ್ ವಿಷಯದಲ್ಲಿ ಒಂದು ಪಾಠ. ನಾವು ಜಿಪಿಎಲ್ ವರ್ಷನ್ 2 ಲೈಸೆನ್ಸ್‌ನ ಒಂದು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬಳಸಿದ್ದೆವು. ಅದನ್ನು ಸೇರಿಸಿ ಹಂಚುವ ಕೋಡನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕು ಅನ್ನುತ್ತದೆ ಆ ಲೈಸೆನ್ಸ್. ಒಳಗೇ ಓಡಿಸುವವರೆಗೆ ಅದರ ಷರತ್ತು ತಾಗುವುದಿಲ್ಲ. ಹೊರಗಿನವರ ಕೈಗೆ ಕೊಟ್ಟ ಕ್ಷಣ ತಾಗುತ್ತದೆ. ಕಾನೂನು ವಿಭಾಗಕ್ಕೆ ಪೇಟೆಂಟ್ ಮಾತು ಸ್ಪಷ್ಟವಾಗಿರುವ ಅಪಾಚೆ 2.0 ಲೈಸೆನ್ಸ್ ಬೇಕಿತ್ತು, ಎರಡೂ ಹೊಂದುವುದಿಲ್ಲ. ಆ ಲೈಬ್ರರಿ ತೆಗೆದು, ನಮಗೆ ಬೇಕಾದಷ್ಟನ್ನು ನಾವೇ ಬರೆದೆವು.

ಆಮೇಲೆ ರೀಡ್‌ಮಿ, ಅಂದರೆ ಟೂಲ್ ಬಳಸುವುದು ಹೇಗೆ ಅಂತ ಹೇಳುವ ಫೈಲ್. ಬೇರೆ ಟೀಮಿನ ಹುಡುಗಿಗೆ ಖಾಲಿ ಲ್ಯಾಪ್‌ಟಾಪ್ ಕೊಟ್ಟು, ಇದನ್ನು ಓದಿ ಇನ್‌ಸ್ಟಾಲ್ ಮಾಡಮ್ಮ ಅಂದೆ. ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತೆ. ಮೂರನೇ ಹೆಜ್ಜೆಯಲ್ಲೇ ನಿಂತಳು. 'ಈ ಹೆಸರು ಏನು ಸರ್?' ನಮ್ಮ ಆಫೀಸಿನ ಸರ್ವರ್ ಹೆಸರು. ನನಗೆ ಅದು ಕಣ್ಣಿಗೇ ಬಿದ್ದಿರಲಿಲ್ಲ. ಅಂಥವು ಕೋಡ್‌ನಲ್ಲಿ ಇನ್ನೂ ಹನ್ನೊಂದು ಇದ್ದವು.

ಟೂಲ್ ಹೊರಗೆ ಬಿಟ್ಟ ನಾಲ್ಕನೇ ದಿನ ಗುರುತಿಲ್ಲದವರೊಬ್ಬರು ಬರೆದರು. ತಮ್ಮಲ್ಲಿ ಸಾಲುಗಳ ಲೆಕ್ಕ ಯಾವತ್ತೂ ತಾಳೆಯಾಗುವುದಿಲ್ಲ ಅಂತ. ನೋಡಿದರೆ, ಬ್ಯಾಕಪ್ ಮುಗಿದ ಮೇಲೆ ನಾವು ಮೂಲ ಡೇಟಾಬೇಸ್‌ನಲ್ಲಿ ಎಣಿಸುತ್ತಿದ್ದೆವು. ನಮ್ಮಲ್ಲಿ ರಾತ್ರಿ ಯಾರೂ ಡೇಟಾಬೇಸ್‌ಗೆ ಬರೆಯುವುದಿಲ್ಲ, ನಡೆಯುತ್ತಿತ್ತು. ಅವರಲ್ಲಿ ರಾತ್ರಿಯೇ ವಹಿವಾಟು ಜಾಸ್ತಿ. ಅಷ್ಟರಲ್ಲಿ ಹೊಸ ಸಾಲುಗಳು ಸೇರಿರುತ್ತಿದ್ದವು. ಬ್ಯಾಕಪ್, ಎಣಿಕೆ ಎರಡೂ ಒಂದೇ ಸ್ನ್ಯಾಪ್‌ಶಾಟ್‌ನಿಂದ (ಒಂದು ಕ್ಷಣದಲ್ಲಿ ಡೇಟಾ ಇದ್ದ ಸ್ಥಿತಿಯಿಂದ) ಆಗುವ ಹಾಗೆ ಅವರೇ ಕೋಡ್ ತಿದ್ದಿ ಕಳಿಸಿದರು. ನಮ್ಮಲ್ಲೂ ತಿಂಗಳಿಗೊಮ್ಮೆ ಬರುತ್ತಿದ್ದ ಸುಳ್ಳು ಅಲಾರಂಗೆ ಇದೇ ಕಾರಣ! ತಿಂಗಳ ಕೊನೆಯ ರಾತ್ರಿ ಒಂದು ರಿಪೋರ್ಟ್ ಓಡುತ್ತದೆ, ಅದು ಟೇಬಲ್‌ಗೆ ಬರೆಯುತ್ತದೆ. ಆರು ವರ್ಷ ನಮಗೆ ಹೊಳೆದಿರಲಿಲ್ಲ.

ನಿನ್ನೆ ಆ ತಿದ್ದುಪಡಿ ಮರ್ಜ್ ಮಾಡಿ ನಮ್ಮ ಕೋಡ್‌ಗೆ ಸೇರಿಸಿದೆ. ಆಥರ್ಸ್ ಫೈಲ್‌ಗೆ ಅವರ ಹೆಸರೂ ಸೇರಿತು.