ನನ್ನ ಮಗ ‘ಬೇಡ’ ಅನ್ನುವುದನ್ನು ಕಲಿಯುತ್ತಿದ್ದಾನೆ

ಮನೆಗೆ ಯಾರೇ ಬರಲಿ, ಚಹಾದ ಕಪ್ಪು ಕೈಗೆ ಕೊಡುವಷ್ಟರಲ್ಲಿ ಅದೇ ಪ್ರಶ್ನೆ. “ಈಗರೆ ಮಾತಾಡ್ತಾನೇನವಾ ನಿನ್ನ ಮಗ?”

ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಕಾಳಜಿಯಿಂದಲೇ ಕೇಳುತ್ತಾರೆ. ಅವನಿಗಿರುವುದು ಅವಾಯ್ಡೆಂಟ್ ಪರ್ಸನಾಲಿಟಿ ಡಿಸಾರ್ಡರ್, ಅಂದರೆ ಜನರಿಗೆ ಅಂಜಿ ದೂರ ಉಳಿಯುವ, ಸ್ವಭಾವದಲ್ಲೇ ಬೇರೂರಿದ ಮಾನಸಿಕ ತೊಂದರೆ. ಆದರೆ ಎಷ್ಟು ಮಾತಾಡಿದ ಅನ್ನೋ ಲೆಕ್ಕವನ್ನು ನಾನು ಇಡುತ್ತಿಲ್ಲ. ಯಾರಿಗಾದರೂ ‘ಬೇಡ’ ಅಂದನಾ? ಅಂದಮೇಲೆ ಅವರು ಮುಖ ಗಂಟು ಹಾಕಿದರೂ ಅಲ್ಲೇ ನಿಂತಿದ್ದನಾ? ಅವನು ಸುಧಾರಿಸುತ್ತಿದ್ದಾನೆ ಅನ್ನುವುದಕ್ಕೆ ನನಗೆ ಅದೇ ಗುರುತು. ಯಾಕೆ ಅಂತ ಬಿಡಿಸಿ ಹೇಳಬೇಕು ಅನಿಸಿತು. ಬರೆದದ್ದನ್ನು ಮೊದಲು ಅವನಿಗೇ ಓದಲು ಕೊಟ್ಟೆ. ಹೆಸರು ಹಾಕಬೇಡ ಅಂದ. ಎರಡು ಸಾಲು ತೆಗೆಸಿದ. ಉಳಿದದ್ದಕ್ಕೆ ಒಪ್ಪಿದ್ದಾನೆ.

ನಾವಿರುವುದು ವಿಜಯಪುರದಲ್ಲಿ. ನಾನು ಒಂದು ಪತ್ತಿನ ಸಹಕಾರಿ ಸಂಘದ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮನೆಯವರು ತಿಕೋಟಾ ಕಡೆ ಇರುವ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾರೆ. ಮಗನಿಗೆ ಈಗ 17 ವರ್ಷ.

ಸಣ್ಣವನಿದ್ದಾಗಿನಿಂದ ಅವನದು ಮೆತ್ತನೆ ಸ್ವಭಾವ. ಅಂಥ ಮಕ್ಕಳು ಎಲ್ಲ ಮನೆಯಲ್ಲೂ ಇರ್ತಾರೆ, ಅಲ್ವಾ? ಹೈಸ್ಕೂಲಿನ ಹೊತ್ತಿಗೆ ಅದು ಜಾಸ್ತಿಯಾಯಿತು. ಯಾರಾದರೂ ನಕ್ಕರೆ ತನ್ನನ್ನೇ ನೋಡಿ ನಕ್ಕರು ಅನ್ನುತ್ತಿದ್ದ. ಬೇರೆಯವರ ಮುಂದೆ ಊಟಕ್ಕೆ ಕೂತರೆ ತುತ್ತು ಎತ್ತುತ್ತಿರಲಿಲ್ಲ. ಗೆಳೆಯರು ಕರೆಯಲು ಬಂದರೆ “ಮಲಗ್ಯಾನ ಅಂತ ಹೇಳವಾ” ಅಂತ ನನ್ನನ್ನು ಬಾಗಿಲಿಗೆ ಕಳಿಸುತ್ತಿದ್ದ. ಪಿಯುಸಿ ಸೇರಿದ ಮೇಲೆ ಒಂದು ದಿನ ಕ್ಲಾಸಿನಲ್ಲಿ ಎದ್ದು ಓದು ಅಂದಿದ್ದಾರೆ. ದನಿ ಹೊರಟಿಲ್ಲ. “ಬಾಯಾಗ ಕಡಬು ಇಟ್ಕೊಂಡೀಯೇನು?” ಅಂದರಂತೆ ಪಾಠ ಮಾಡುವವರು. ಇಡೀ ಕ್ಲಾಸು ನಕ್ಕಿತಂತೆ. ಅವತ್ತಿನಿಂದ ಬ್ಯಾಗು ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದ, ಕಾಲೇಜಿಗೆ ಹೋಗುತ್ತಿರಲಿಲ್ಲ. ಬಾರಾ ಕಮಾನಿನ ಹುಲ್ಲಿನ ಮೇಲೆ ಒಬ್ಬನೇ ಕೂತಿದ್ದು ಮಧ್ಯಾಹ್ನ ತಿರುಗಿ ಬರುತ್ತಿದ್ದ. ಹಾಜರಾತಿ ಶೇ. 75ಕ್ಕೆ ಬರಲ್ಲ ಅಂತ ಕಾಲೇಜಿನಿಂದ ಫೋನು ಬಂದಾಗಲೇ ನಮಗೆ ಗೊತ್ತಾದದ್ದು.

ಆ ದಿನಗಳಲ್ಲಿ ಅವನಿಂದ ಹೊರಡುತ್ತಿದ್ದದ್ದು ‘ಹೂಂ’ ಒಂದೇ. ಕಾಲೇಜಿಗೆ ಹೋಗ್ತೀಯಾ? ಹೂಂ. ಅತ್ತಿ ಮಗಳ ಮದುವೆಗೆ ಬರ್ತೀಯಾ? ಹೂಂ. ಹೊರಡುವ ಹೊತ್ತಿಗೆ ಬಚ್ಚಲ ಬಾಗಿಲು ಹಾಕಿಕೊಂಡು ವಾಂತಿ ಮಾಡುತ್ತಿದ್ದ. ಒಲ್ಲೆ ಅಂದರೆ ಎದುರಿನವರು ಬೇಜಾರಾಗ್ತಾರೆ ಅನ್ನುವ ಅಂಜಿಕೆ. ಅದಕ್ಕೆ ಎಲ್ಲದಕ್ಕೂ ಹೂಂ, ಆಮೇಲೆ ಬಾಗಿಲು ಬಂದ್.

ಮೊಬೈಲಿನ ಚಟ ಅಂದರು. ಪ್ರೀತಿ ಗೀತಿ ಇರಬೇಕು ಅಂದರು. ನಮ್ಮ ಅತ್ತೆಯವರು ಗಾಳಿ ಬಡಿದೈತಿ ಅಂತ ದಾರ ಕಟ್ಟಿಸಿದರು. ದಾರಕ್ಕೆ ನಾನು ಅಡ್ಡಿ ಮಾಡಲಿಲ್ಲ. ದಾರ ಕಟ್ಟಿದ ಮೇಲೆ ಡಾಕ್ಟರು ಯಾಕೆ ಅಂದಾಗ ಮಾತ್ರ ಒಪ್ಪಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರ. ಧಾರವಾಡದ ಡಿಮ್ಹಾನ್ಸ್ ಹತ್ತಿರ. ಆದರೆ ನಮ್ಮ ಕಡೆ ಧಾರವಾಡದ ಹೆಸರು ತೆಗೆದರೆ ಹಳಬರು ಬೆಚ್ಚುತ್ತಾರೆ. ಬ್ರಿಟಿಷರ ಕಾಲದಿಂದ ಅಲ್ಲಿ ಮಾನಸಿಕ ಆಸ್ಪತ್ರೆ ಇದೆ, ಧಾರವಾಡಕ್ಕೆ ಕಳಿಸೋದು ಅಂದರೇ ಬೈಗುಳ. “ಕೂಸಿಗೆ ಹುಚ್ಚ ಹಿಡದೈತೇನು, ಧಾರವಾಡಕ್ಕ ಒಯ್ಯಾಕ?” ಅಂತ ಅತ್ತೆ ಅತ್ತರು. ಹೋಗಿ ನೋಡಿದರೆ ಅಲ್ಲೂ ಎಲ್ಲ ಆಸ್ಪತ್ರೆಯ ಹಾಗೆ ಚೀಟಿ, ಸಾಲು, ಬೆಂಚು. ನಮ್ಮಂಥವರೇ ಬುತ್ತಿ ಕಟ್ಟಿಕೊಂಡು ಬಂದು ಕೂತಿದ್ದರು.

ಕಾಯಿಲೆಯ ಹೆಸರು ಬೇಗ ಸಿಗಲಿಲ್ಲ. ಸಿಗಬಾರದು ಕೂಡ, ಅದನ್ನು ಒತ್ತಿ ಹೇಳುತ್ತೇನೆ. ಥೈರಾಯಿಡ್ ನೋಡಿದರು. ಆಟಿಸಂ ಇರಬಹುದಾ ಅಂತ ಪರೀಕ್ಷೆ ಮಾಡಿದರು. ಖಿನ್ನತೆ ಇತ್ತು, ಅದಕ್ಕೆ ಗುಳಿಗೆ ಶುರುವಾಯಿತು. ಗುಳಿಗೆಯಿಂದ ನಿದ್ದೆ, ಹಸಿವು ಸರಿಯಾದವು. ಜನರ ಅಂಜಿಕೆ ಹಾಗೇ ಉಳಿಯಿತು. 18 ತುಂಬದ ಮಕ್ಕಳಿಗೆ ಪರ್ಸನಾಲಿಟಿ ಡಿಸಾರ್ಡರ್ ಅನ್ನುವ ಮಾತನ್ನು ಸುಮ್ನೆ ಹಚ್ಚುವುದಿಲ್ಲವಂತೆ. ಲಕ್ಷಣಗಳು ಕಡಿಮೆಯೆಂದರೂ ಒಂದು ವರ್ಷ ಬಿಡದೆ ಇರಬೇಕು, ಮನೆ, ಕಾಲೇಜು, ನೆಂಟರು ಹೀಗೆ ಎಲ್ಲ ಕಡೆಯೂ ಕಾಣಬೇಕು. ಹರೆಯದ ಹುಡುಗರು ಬದಲಾಗುತ್ತಲೇ ಇರ್ತಾರಲ್ಲ, ಅದಕ್ಕೆ.

ಒಂದು ಸಲ ಡಾಕ್ಟರು ನನ್ನೆದುರೇ ಅವನಿಗೆ ಕೇಳಿದರು: “ನಿನಗ ಗೆಳ್ಯಾರು ಬ್ಯಾಡಾಗ್ಯಾರೋ, ಬೇಕಾಗಿ ಅಂಜಿಕಿ ಬರ್ತದೋ?”

ಅವನು ನೆಲ ನೋಡುತ್ತಿದ್ದ. ಬೆರಳಿನ ಚರ್ಮ ಕಿತ್ತುಕೊಳ್ಳುತ್ತಿದ್ದ. ನಾನು ಬಾಯಿ ತೆಗೆಯಲು ಹೋದರೆ ಡಾಕ್ಟರು ಕೈ ಅಡ್ಡ ಹಿಡಿದರು. ಬಹಳ ಹೊತ್ತಾದ ಮೇಲೆ “ಬೇಕು” ಅಂದ. ಅಷ್ಟೇ. ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ದಿನ ಆ ಮುಚ್ಚಿದ ಬಾಗಿಲ ಹಿಂದೆ ಅವನಿಗೆ ಜನ ಬೇಕಾಗಿದ್ದರು!

ಆ ಒಂದು ಮಾತಿನ ಮೇಲೆ ಬಹಳಷ್ಟು ನಿಂತಿದೆ ಅಂತ ಆಮೇಲೆ ತಿಳಿಯಿತು. ಪರ್ಸನಾಲಿಟಿ ಡಿಸಾರ್ಡರಿನಲ್ಲಿ ಸ್ಕಿಜಾಯ್ಡ್ ಅಂತ ಒಂದು ಬಗೆ ಇದೆ. ಅವರಿಗೆ ಒಬ್ಬರೇ ಇರುವುದೇ ಹಿತ, ಹೊಗಳಿದರೂ ಬೈದರೂ ಹೆಚ್ಚು ತಟ್ಟುವುದಿಲ್ಲ. ನನ್ನ ಮಗನದು ಅವಾಯ್ಡೆಂಟ್. ಇಲ್ಲಿ ಜನ ಬೇಕು, ಆದರೆ ನನ್ನನ್ನು ಹೀಗಳೆಯುತ್ತಾರೆ, ದೂರ ಇಡುತ್ತಾರೆ ಅನ್ನುವ ಭಯ. ತಾನು ಎಲ್ಲರಿಗಿಂತ ಕಡಿಮೆ ಅನ್ನುವ ನಂಬಿಕೆ ಬೇರು ಬಿಟ್ಟಿರುತ್ತದೆ. ಡಾಕ್ಟರುಗಳ ಪಟ್ಟಿಯಲ್ಲಿ ಇದಕ್ಕೆ 7 ಲಕ್ಷಣ, ಕಡಿಮೆಯೆಂದರೂ 4 ಇರಬೇಕು. ಹೊರಗಿನಿಂದ ನೋಡಿದರೆ ಎರಡು ಬಗೆಯ ಮಕ್ಕಳೂ ಕೋಣೆಯಲ್ಲೇ ಇರುತ್ತಾರೆ. ಒಳಗೆ ನಡೆಯುವುದು ಪೂರ್ತಿ ಬೇರೆ.

ಇನ್ನೊಂದು ಮಾತು, ನನ್ನ ಹಾಗೆ ಫೈಲು ಹಿಡಿದು ಓಡಾಡುವವರಿಗೆ. ಒಂದು ಕಾಗದದಲ್ಲಿ ಅವಾಯ್ಡೆಂಟ್ ಅಂತ ಇರುತ್ತದೆ, ಇನ್ನೊಂದರಲ್ಲಿ ಆ ಪದವೇ ಇರುವುದಿಲ್ಲ. ಗಾಬರಿಯಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ, ಐಸಿಡಿ-11, 2022ರ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಈ ಹಳೆಯ ಹೆಸರುಗಳನ್ನು ಬಿಟ್ಟು, ಎಷ್ಟು ತೀವ್ರ ಅಂತ ಬರೆಯುತ್ತಾರೆ: ಮೈಲ್ಡ್, ಮಾಡರೇಟ್, ಸಿವಿಯರ್. ಜೊತೆಗೆ ಯಾವ ಗುಣ ಎದ್ದು ಕಾಣುತ್ತದೆ ಅನ್ನುವುದನ್ನು ಸೇರಿಸುತ್ತಾರೆ. ಕಾಯಿಲೆ ಬದಲಾಗಿರುವುದಿಲ್ಲ, ಬರೆಯುವ ರೀತಿ ಬದಲಾಗಿರುತ್ತದೆ.

ಇದಕ್ಕೇ ಅಂತ ಗುಳಿಗೆ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಕ್ಕೆ ಇದೆ. ಉಳಿದದ್ದೆಲ್ಲ ಮಾತಿನ ಚಿಕಿತ್ಸೆ, ಮತ್ತು ಮನೆ.

ಕೌನ್ಸೆಲರ್ ಮೇಡಂ ನಮಗೆ ವಿವರಿಸಿದ್ದು ಹೀಗೆ. ಅಂಜಿಕೆಯಾಗುವ ಜಾಗದಿಂದ ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಾಯ್ ಅನಿಸುತ್ತದೆ. ಆ ಹಾಯೇ ತೊಂದರೆ. ತಪ್ಪಿಸಿಕೊಂಡದ್ದಕ್ಕೇ ಉಳಿದೆ ಅಂತ ಮನಸ್ಸು ಕಲಿತುಬಿಡುತ್ತದೆ, ಮುಂದಿನ ಸಲ ಇನ್ನೂ ಬೇಗ ತಪ್ಪಿಸಿಕೊಳ್ಳುತ್ತದೆ. ಎಳೆದುಕೊಂಡು ಹೋಗಿ ಮದುವೆ ಮಂಟಪದಲ್ಲಿ ನಿಲ್ಲಿಸಿದರೆ ಅಂಜಿಕೆ ಗಟ್ಟಿಯಾಗುತ್ತದೆ. ಕೋಣೆಯಲ್ಲೇ ಇರಲಿ ಪಾಪ ಅಂತ ಬಿಟ್ಟರೂ ಗಟ್ಟಿಯಾಗುತ್ತದೆ. ನಡುವೆ ಒಂದು ಸಣ್ಣ ದಾರಿ ಇದೆ: ಅವನೇ ಆರಿಸಿದ ಸಣ್ಣ ಕೆಲಸ, ಅಂಜಿಕೆ ಇಳಿಯುವತನಕ ಅಲ್ಲೇ ಇರುವುದು, ಆಮೇಲೆ ಅದಕ್ಕಿಂತ ತುಸು ದೊಡ್ಡದು. ಅಂಗಡಿಯಲ್ಲಿ ಅವನ ಬದಲು ನಾನು ಮಾತಾಡಬಾರದು, ಬಾಗಿಲಿಗೆ ಬಂದವರಿಗೆ ಮಲಗಿದ್ದಾನೆ ಅಂತ ಸುಳ್ಳು ಹೇಳಬಾರದು. ಬರೆಯಲು ಸುಲಭ. ಮಗನ ಕತ್ತು ಬೆವರುವುದನ್ನು ನೋಡುತ್ತಾ ಬಾಯಿ ಮುಚ್ಚಿ ನಿಲ್ಲುವುದು ತಾಯಿಗೆ ಬಹಳ ಕಷ್ಟ.

ಅವನು ಆರಿಸಿದ್ದು ದ್ರಾಕ್ಷಿ ಶೆಡ್ಡು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ನಮ್ಮ ಕಡೆ ಒಣದ್ರಾಕ್ಷಿಯ ಸುಗ್ಗಿ. ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ಹರಡುತ್ತೇವೆ. ಬಿಸಿಲು ನೇರ ಬೀಳಬಾರದು, ಗಾಳಿ ಆಡಬೇಕು. ಕೂಲಿಯ ಹೆಣ್ಣುಮಕ್ಕಳು ತಂತಮ್ಮ ಮಾತಿನಲ್ಲಿ ಇರುತ್ತಾರೆ, ಯಾರೂ ಇವನ ಮುಖ ನೋಡುತ್ತಾ ಕೂರುವುದಿಲ್ಲ. ಮೊದಮೊದಲು ತೂಕ ಬರೆಯುವ ವಹಿ ಹಿಡಿದು ಮೂಲೆಯಲ್ಲಿ ನಿಲ್ಲುತ್ತಿದ್ದ. ಆಮೇಲೆ ಬರೆದದ್ದನ್ನು ಓದಿ ಹೇಳತೊಡಗಿದ. ಅವನ ಸಣ್ಣ ದನಿಗೆ ಒಬ್ಬ ಹಿರಿಯಾಕೆ “ಯಪ್ಪಾ, ನನ್ನ ಕಿವಿ ಮಂದ ಅದಾವು, ಇನ್ನೊಮ್ಮೆ ಹೇಳು” ಅಂತಿದ್ದಳು. ಅವಳ ಕಿವಿ ಚೆನ್ನಾಗೇ ಕೇಳಿಸುತ್ತವೆ. ಆಕೆಗೆ ನಾನು ಋಣಿ.

ಕೊನೆಗೆ ಬಂದದ್ದು ಫೋನು. ಮಾಲು ಒಯ್ಯಲು ಪಿಕಪ್ ಗಾಡಿಯವನಿಗೆ ಹೇಳಬೇಕು. ಹೇಳಬೇಕಾದ ಮಾತನ್ನು ವಹಿಯ ಹಿಂದಿನ ಪುಟದಲ್ಲಿ ಬರೆದುಕೊಂಡ: ‘ನಮಸ್ಕಾರ್ರೀ, ತ್ವಾಟದಿಂದ ಮಾತಾಡ್ತೀನಿ, ನಾಳೆ ಮುಂಜಾನೆ ಗಾಡಿ ಬೇಕಾಗಿತ್ತು.’ ನಂಬರು ಒತ್ತಿದ, ಕತ್ತರಿಸಿದ. ಮತ್ತೆ ಒತ್ತಿದ. ಆ ಕಡೆಯಿಂದ ಇಂಜಿನ್ ಸದ್ದಿನ ನಡುವೆ “ಯಾರ್ರೀ? ಜೋರ ಮಾತಾಡ್ರಿ, ಕೇಳಂಗಿಲ್ಲ” ಅಂತ ಕೂಗು. ಅವನ ಕೈಯ ಬೆವರಿಗೆ ವಹಿಯ ಅಕ್ಷರ ಹರಡಿತ್ತು. ನಮ್ಮನೆಯವರು ಫೋನು ಇಸಿದುಕೊಳ್ಳಲು ಎದ್ದರು. ನಾನು ಅವರ ಅಂಗಿ ಹಿಡಿದು ಕೂರಿಸಿದೆ. ಮಗ ಅದೇ ಸಾಲನ್ನು ಇನ್ನೊಮ್ಮೆ ಓದಿದ, ಈ ಸಲ ಜೋರಾಗಿ. ಗಾಡಿ ಬಂತು.

ಅದಕ್ಕಿಂತ ದೊಡ್ಡದು ನಡೆದದ್ದು ಈ ಸಂಕ್ರಾಂತಿಗೆ. ನಮ್ಮ ಮೈದುನ ಬಂದು, ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದನ್ನು ನೋಡಲು ಹೋಗೋಣ ನಡಿ ಅಂದರು. ಹಿಂದಿನಂತಾದರೆ ಹೂಂ ಅಂದು ಬಚ್ಚಲು ಸೇರುತ್ತಿದ್ದ. “ಬ್ಯಾಡ ಕಾಕಾ. ಅಷ್ಟು ಗದ್ಲ ನನಗ ಆಗಂಗಿಲ್ಲ. ಮುಂಜಾನೆ ಮಂದಿ ಕಮ್ಮಿ ಇದ್ದಾಗ ಗುಡಿಗೆ ಹೋಗೂಣು” ಅಂದ. ಕಾಕಾಗೆ ಸಿಟ್ಟು ಬಂತು. “ಭಾಳ ಶ್ಯಾಣ್ಯಾ ಆಗೀ ಬಿಡು” ಅಂತ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಇವನ ಮುಖ ಬಿಳಿಚಿತು. ಆದರೆ ಕೋಣೆಗೆ ಓಡಲಿಲ್ಲ. ಪಡಸಾಲೆಯಲ್ಲೇ ಕೂತು ನನ್ನ ಜೊತೆ ಮಾದಲಿ ತಿಂದ. ಮರುದಿನ ಮುಂಜಾನೆ ಕಾಕಾನೇ ಫೋನು ಮಾಡಿ “ನಡಿ, ಗುಡಿಗೆ ಹೋಗೂಣು” ಅಂದರು. ಒಬ್ಬರು ಬೇಜಾರಾದರೂ ಸಂಬಂಧ ಹರಿಯುವುದಿಲ್ಲ ಅನ್ನುವುದನ್ನು ಯಾವ ಕೌನ್ಸೆಲಿಂಗೂ ಅವನಿಗೆ ಇಷ್ಟು ಚೆನ್ನಾಗಿ ತೋರಿಸಿರಲಿಲ್ಲ. ಮಾತಾಡ್ತಾನಾ ಅಂತ ಕೇಳುವವರಿಗೆ ಇದು ಕಾಣುವುದಿಲ್ಲ.

ಓದು ನಿಂತಿಲ್ಲ. ಕಾಲೇಜು ಬಿಡಿಸಿ ಎನ್‌ಐಒಎಸ್ ಅನ್ನುವ ಸರ್ಕಾರದ ಮುಕ್ತ ಶಾಲೆಯಲ್ಲಿ ಹನ್ನೆರಡನೆಯ ತರಗತಿಗೆ ಸೇರಿಸಿದ್ದೇವೆ. ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತದೆ, ಎಲ್ಲ ವಿಷಯವನ್ನೂ ಒಟ್ಟಿಗೆ ಬರೆಯಬೇಕಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದು, ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯದಿದ್ದರೆ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯ ವಿಭಾಗ ಇರುತ್ತದೆ. ಮಗು ಸಾಯುವ ಮಾತಾಡಿದರೆ, ತನ್ನ ಮೈಗೆ ಗಾಯ ಮಾಡಿಕೊಂಡರೆ, ನಾಚಿಕೆ ಸ್ವಭಾವ ಬಿಡು ಅಂತ ಒಂದು ದಿನವೂ ಕಾಯಬೇಡಿ. ಅವತ್ತೇ ಕರೆದುಕೊಂಡು ಹೋಗಿ.

ಇನ್ನು ಕೆಲವು ತಿಂಗಳಿಗೆ ಅವನಿಗೆ 18 ತುಂಬುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಲ್ಲಿಯವರೆಗೆ ಅವನ ಪರವಾಗಿ ತೀರ್ಮಾನ ಮಾಡುವವರು ನಾವು. ಆಮೇಲೆ ಚಿಕಿತ್ಸೆಗೆ ಒಪ್ಪಬೇಕಾದವನು ಅವನೇ. ತಾನು ತೀರ್ಮಾನ ಮಾಡಲಾಗದ ಸ್ಥಿತಿ ಬಂದರೆ ತನ್ನ ಪರವಾಗಿ ಯಾರು ನಿಲ್ಲಬೇಕು ಅಂತ ಬಿಳಿ ಹಾಳೆಯ ಮೇಲೆ ಬರೆದು ಸಹಿ ಹಾಕಿಡಬಹುದು. ಯಾರ ಹೆಸರು ಬರೀತಿ ಅಂತ ಮೊನ್ನೆ ಕೇಳಿದೆ.

“ಅಪ್ಪಾಂದು.”

“ಯಾಕಪಾ, ನಾ ಬ್ಯಾಡೇನು?”

“ಬ್ಯಾಡವಾ. ನೀ ಭಾಳ ಅಂಜ್ತಿ. ಅಪ್ಪಾ ಅಂಜಂಗಿಲ್ಲ.”

ನನ್ನ ಮುಖ ನೋಡಿಕೊಂಡೇ ಹೇಳಿದ. ಆಯ್ತು ಅಂದೆ. ಹುಟ್ಟಿದಹಬ್ಬ ಆದ ಮೇಲೆ ಅವನೇ ಕೂತು ಬರೆಯುತ್ತಾನೆ, ಅಪ್ಪನ ಹೆಸರನ್ನೇ.