ಸ್ವಿಚ್ಚು ಕೆಟ್ಟಾಗ ಯಾವ ಕಡೆ ಕೆಡುತ್ತದೆ?

ವೇಪ್ (ದ್ರವವನ್ನು ಬಿಸಿಮಾಡಿ ಆವಿ ಎಳೆಯುವ ಇ-ಸಿಗರೇಟು) ಮಾಡುವವರ ನಡುವೆ ಮೆಕ್ಯಾನಿಕಲ್ ಸ್ವಿಚ್ಚೋ ಎಲೆಕ್ಟ್ರಾನಿಕ್ ಸ್ವಿಚ್ಚೋ ಎಂಬ ಮಾತು ಬಂದರೆ ಚರ್ಚೆ ಬೇಗ ಎರಡು ಪ್ರಶ್ನೆಗೆ ಬಂದು ನಿಲ್ಲುತ್ತದೆ. ಯಾವುದರಲ್ಲಿ ವೋಲ್ಟೇಜ್ ಕಡಿಮೆ ಸೋರುತ್ತದೆ? ಯಾವುದು ಜಾಸ್ತಿ ದಿನ ಬಾಳುತ್ತದೆ? ಎರಡೂ ಕೇಳಬೇಕಾದವೇ. ಆದರೆ ಸ್ವಿಚ್ಚುಗಳ ಜೊತೆಯೇ ದುಡಿದು ಹೊಟ್ಟೆ ಹೊರೆದ ನನಗೆ ಮೊದಲು ಹೊಳೆಯುವುದು ಮೂರನೆಯದು. ಇದು ಕೆಟ್ಟರೆ ಆಫ್ ಆಗಿ ಕೆಡುತ್ತದೋ, ಆನ್ ಆಗಿಯೇ ಉಳಿದುಬಿಡುತ್ತದೋ?

ನಾನು ಕೆಲಸ ಕಲಿತದ್ದು ಪೀಣ್ಯದಲ್ಲಿ, ಪಂಪ್ ಸ್ಟಾರ್ಟರ್ ಪ್ಯಾನೆಲ್ ಕಟ್ಟುವ ಶೆಡ್ಡೊಂದರಲ್ಲಿ. ಈಗ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿದ್ದೇನೆ, ಕೆಲಸ ಹೆಚ್ಚುಕಡಿಮೆ ಅದೇ. ಸಿಗರೇಟು ಸೇದಿದವನಲ್ಲ, ವೇಪೂ ಇಲ್ಲ. ಈ ವಿಷಯ ನನ್ನ ಮೇಜಿಗೆ ಬಂದದ್ದು ಅಕ್ಕನ ಮಗನಿಂದ. ಓದಲು ಇಲ್ಲಿಗೆ ಬಂದ ಹುಡುಗ, ಸಿಗರೇಟು ಬಿಡಲು ವೇಪ್ ಹಿಡಿದಿದ್ದಾನೆ. ಸೆಕೆಂಡ್ ಹ್ಯಾಂಡಲ್ಲಿ ಕೊಂಡ ಹಿತ್ತಾಳೆ ಕೊಳವೆಯೊಂದನ್ನು ತಂದು ಬಹಳ ಖುಷಿಯಿಂದ ತೋರಿಸಿದ.

"ಮಾವ, ಇದ್ರಲ್ಲಿ ಚಿಪ್ಪಿಲ್ಲ, ವೈರಿಲ್ಲ. ಕೆಡೋಕೆ ಏನೂ ಇಲ್ವಲ್ಲ?"

"ತಡೆಯೋಕೂ ಏನೂ ಇಲ್ಲ ಕಣೋ," ಅಂದೆ. ಆಮೇಲೆ ಇಬ್ಬರೂ ಕೂತು ಬಿಚ್ಚಿದೆವು.

ಇಂಥ ಕೊಳವೆ ವೇಪ್, ಅಂದರೆ ಮೆಕ್ಯಾನಿಕಲ್ ಮಾಡ್ ಎನ್ನುವುದು, ನಿಜಕ್ಕೂ ಅಷ್ಟೇ. ಒಂದು ಲೋಹದ ಕೊಳವೆ, ಒಳಗೆ ಒಂದು 18650 ಲಿಥಿಯಂ ಸೆಲ್ (18 ಮಿಲಿಮೀಟರ್ ದಪ್ಪ, 65 ಉದ್ದ), ಮೇಲೆ ಕಾಯಿಲ್ (ಬಿಸಿಯಾಗಿ ದ್ರವವನ್ನು ಆವಿ ಮಾಡುವ ತಂತಿಸುರುಳಿ) ಇರುವ ಅಟೊಮೈಸರ್, ತಳದಲ್ಲಿ ಗುಂಡಿ. ಗುಂಡಿ ಒತ್ತಿದರೆ ಸೆಲ್ಲಿನ ಮೈನಸ್ ತಳ ಕೊಳವೆಗೆ ತಾಗುತ್ತದೆ, ಕೊಳವೆಯೇ ವೈರಾಗಿ ಕರೆಂಟನ್ನು ಮೇಲಕ್ಕೆ ಒಯ್ಯುತ್ತದೆ. ಉಳಿದದ್ದೆಲ್ಲ ಓಮನ ನಿಯಮ. ಪೂರ್ತಿ ಚಾರ್ಜಾದ ಸೆಲ್ 4.2 ವೋಲ್ಟ್, ಕಾಯಿಲ್ 0.2 ಓಮ್ ಇದ್ದರೆ 21 ಆಂಪ್, 88 ವ್ಯಾಟ್. ಸೆಲ್ಲಿನೊಳಗಿನ ರೆಸಿಸ್ಟೆನ್ಸ್ ಸೇರಿಸಿದರೆ ಲೆಕ್ಕ ಸ್ವಲ್ಪ ಇಳಿಯುತ್ತದೆ. ಕಾಯಿಲನ್ನು 0.1 ಓಮಿಗೆ ಇಳಿಸಿದರೆ ಕಾಗದದ ಮೇಲೆ 42 ಆಂಪ್. ಸ್ಯಾಮ್‌ಸಂಗ್ 25ಆರ್ ಎಂಬ ಹೆಸರುವಾಸಿ ಸೆಲ್ಲಿಗೆ ಕಂಪನಿ ಕೊಟ್ಟಿರುವ ನಿರಂತರ ಮಿತಿ 20 ಆಂಪ್. ಈ ಮಿತಿ ದಾಟುತ್ತಿದೆ ಎಂದು ಹೇಳುವವರು ಆ ಕೊಳವೆಯೊಳಗೆ ಯಾರೂ ಇಲ್ಲ.

ಈಗ ಗುಂಡಿಗೆ ಬರೋಣ. ಹೆಬ್ಬೆರಳ ಕೆಳಗಿನ ಆ ಪುಟ್ಟ ಜಾಗದಲ್ಲಿ ಇಪ್ಪತ್ತು ಆಂಪ್ ಹರಿಯುತ್ತದೆ ಎನ್ನುವುದನ್ನು ನಮ್ಮ ಹುಡುಗ ಯೋಚಿಸಿಯೇ ಇರಲಿಲ್ಲ. ಕಾಂಟ್ಯಾಕ್ಟಿನ ರೆಸಿಸ್ಟೆನ್ಸ್ 10 ಮಿಲಿಓಮ್ ಅಂದುಕೊಳ್ಳಿ. 20 ಆಂಪಿಗೆ 0.2 ವೋಲ್ಟ್ ಅಲ್ಲೇ ಬೀಳುತ್ತದೆ, 4 ವ್ಯಾಟ್ ಶಾಖ ಗುಂಡಿಯಲ್ಲೇ ಹುಟ್ಟುತ್ತದೆ. ಹೊಸದರಲ್ಲಿ ಇದಕ್ಕಿಂತ ಬಹಳ ಕಡಿಮೆ ಇರುತ್ತದೆ, ಬೆಳ್ಳಿ ಲೇಪ ಹಾಕಿದ್ದರೆ ಇನ್ನೂ ಕಡಿಮೆ. ಆದರೆ ತಾಮ್ರ, ಹಿತ್ತಾಳೆ ಗಾಳಿಗೆ ಕಪ್ಪಾಗುತ್ತವೆ, ಸೋರಿದ ದ್ರವ ಅಂಟುತ್ತದೆ, ದಿನ ಕಳೆದಂತೆ ರೆಸಿಸ್ಟೆನ್ಸ್ ಏರುತ್ತದೆ. ಉಪ್ಪುಕಾಗದದಲ್ಲಿ ಉಜ್ಜುವುದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸುವುದು ಈ ಸಾಧನದ ನಿತ್ಯಸೇವೆ. ನಮ್ಮ ಕಡೆ ಬೋರ್‌ವೆಲ್ ಸ್ಟಾರ್ಟರ್ ಇಟ್ಟುಕೊಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಂಟ್ಯಾಕ್ಟಿನ ಮೇಲೆ ಗುಳಿ ಬೀಳುವುದು, ಮಸಿ ಹಿಡಿಯುವುದು, ಕೊನೆಗೊಂದು ದಿನ ಎರಡೂ ಅಂಟಿಕೊಂಡು ಸ್ಟಾಪ್ ಬಟನ್ ಒತ್ತಿದರೂ ಮೋಟಾರು ನಿಲ್ಲದಿರುವುದು, ಎಲ್ಲ ಅವರು ಕಂಡದ್ದೇ.

"ಬರೀ ನಾಲ್ಕು ವೋಲ್ಟಲ್ವಾ, ಕಿಡಿ ಏನು ಮಾಡುತ್ತೆ?" ಎಂದು ಅವನು ಕೇಳಿದ. ಒಳ್ಳೆಯ ಪ್ರಶ್ನೆ. ತಾಮ್ರ, ಬೆಳ್ಳಿಗಳ ನಡುವೆ ಆರ್ಕ್ ನಿಂತು ಉರಿಯಲು ಸುಮಾರು 12 ವೋಲ್ಟಾದರೂ ಬೇಕು, ಆ ಮಟ್ಟಿಗೆ ಅವನು ಹೇಳಿದ್ದು ಸರಿ. ಆದರೆ ಕಾಂಟ್ಯಾಕ್ಟು ಬಿಡುವ ಕೊನೆಯ ಗಳಿಗೆಯಲ್ಲಿ ಎರಡು ಲೋಹಗಳು ಸೂಜಿಮೊನೆಯಷ್ಟು ಜಾಗದಲ್ಲಿ ಮಾತ್ರ ತಾಗಿರುತ್ತವೆ. ಅಷ್ಟೂ ಕರೆಂಟು ಆ ಮೊನೆಯಿಂದಲೇ ಹೋಗಬೇಕು. ಅಲ್ಲಿ ಅರ್ಧ ವೋಲ್ಟಿಗಿಂತ ಕಡಿಮೆ ಬಿದ್ದರೂ ತಾಮ್ರ ಕರಗುತ್ತದೆ. ಗುಂಡಿಯನ್ನು ಅರ್ಧಂಬರ್ಧ ಒತ್ತಿದಾಗಲೂ ಹೀಗೇ. ಗುಳಿಗಳು ಬೀಳುವುದು, ಅಂಟಿಕೊಳ್ಳುವುದು ಶುರುವಾಗುವುದು ಅಲ್ಲಿಂದ.

ಇನ್ನು ಗುಂಡಿಯನ್ನು ವಾಪಸು ತಳ್ಳುವ ಭಾಗ. ಸ್ಪ್ರಿಂಗ್ ಹಾಕಿದ ಕೆಲವು ವಿನ್ಯಾಸಗಳಲ್ಲಿ ಕರೆಂಟಿನ ಒಂದು ಪಾಲು ಸ್ಪ್ರಿಂಗಿನಲ್ಲೇ ಹರಿಯುತ್ತದೆ. ಅದು ಕಾದು, ಬಿಗಿ ಕಳೆದುಕೊಂಡು ಕುಸಿಯುತ್ತದೆ. ಸ್ಪ್ರಿಂಗಿನ ಬದಲು ಅಯಸ್ಕಾಂತ ಇಟ್ಟರೆ ಒತ್ತಲು ಹಿತವಾಗಿರುತ್ತದೆ, ಆದರೆ ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳಲು ತೊಡಗುತ್ತದೆ. ಎರಡರಲ್ಲೂ ಸೋತ ಗುಂಡಿ ಒಳಗೇ ಕೂರುತ್ತದೆ. ಅಂದರೆ ಆನ್ ಆಗಿಯೇ ಕೆಡುತ್ತದೆ.

ಅವನ ಸೆಲ್ಲಿನ ಮೇಲಿದ್ದ ಪ್ಲಾಸ್ಟಿಕ್ ಹೊದಿಕೆ ಒಂದು ಕಡೆ ಹರಿದಿತ್ತು. ನನಗೆ ನಿಜವಾಗಿ ಭಯವಾದದ್ದು ಅದನ್ನು ನೋಡಿ. ಸೆಲ್ಲಿನ ತಗಡಿನ ಮೈ ಪೂರ್ತಿ ಮೈನಸ್. ಹರಿದ ಜಾಗ ಕೊಳವೆಯ ಒಳಗೋಡೆಗೆ ತಾಗಿದರೆ ಸ್ವಿಚ್ಚನ್ನೇ ದಾಟಿ ಸರ್ಕ್ಯೂಟ್ ಪೂರ್ಣವಾಗುತ್ತದೆ. ಗುಂಡಿ ಒತ್ತಿದ್ದಾರೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ. ಹೈಬ್ರಿಡ್ ಎನ್ನುವ ಮಾದರಿಯಲ್ಲಿ ಇನ್ನೊಂದು ಅಪಾಯವಿದೆ. ಅದರಲ್ಲಿ ಅಟೊಮೈಸರಿನ ನಡುಪಿನ್ನು ನೇರವಾಗಿ ಸೆಲ್ಲಿನ ತಲೆಗೇ ಕೂರುತ್ತದೆ. ಪಿನ್ನು ಮುಂದಕ್ಕೆ ಚಾಚಿರದಿದ್ದರೆ 510 ಥ್ರೆಡ್ಡಿನ (ಅಟೊಮೈಸರನ್ನು ಕೊಳವೆಗೆ ಬಿಗಿಯುವ ತಿರುಪಿನ) ಅಂಚೇ ಪ್ಲಸ್ಸಿಗೆ ತಾಗುತ್ತದೆ. ಆಮೇಲೆ ಗುಂಡಿ ಒತ್ತಿದರೆ ಕಾಯಿಲ್ ದಾರಿಯಲ್ಲಿ ಇರುವುದೇ ಇಲ್ಲ, ನೇರ ಶಾರ್ಟ್. ಬಿಸಿಯಾದ ಸೆಲ್ ಅನಿಲ ಬಿಡುತ್ತದೆ. ಗಾಳಿ ಹೋಗಲು ತೂತಿಲ್ಲದ ಲೋಹದ ಕೊಳವೆ ಆಗ ಸಿಡಿಯುತ್ತದೆ.

ಇದು ಊಹೆಯ ಮಾತಲ್ಲ. 2018ರ ಮೇ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 38 ವರ್ಷದ ವ್ಯಕ್ತಿಯೊಬ್ಬರು ಸತ್ತದ್ದು ಇಂಥ ಮೆಕ್ಯಾನಿಕಲ್ ಸಾಧನ ಸಿಡಿದು, ಅದರ ಚೂರು ತಲೆಗೆ ಹೊಕ್ಕು. ಅದಕ್ಕೆ ಮುಂಚೆ, 2017ರಲ್ಲಿ ಅಮೆರಿಕದ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗಿನ ಇ-ಸಿಗರೇಟು ಬೆಂಕಿ, ಸ್ಫೋಟಗಳನ್ನು ಲೆಕ್ಕ ಹಾಕಿತ್ತು. ಎಲ್ಲ ಬಗೆಯ ಸಾಧನಗಳೂ ಸೇರಿ 195 ಘಟನೆ, 133 ಮಂದಿಗೆ ಗಾಯ, ಅದರಲ್ಲಿ 38 ಗಂಭೀರ. 61 ಘಟನೆಗಳು ನಡೆದದ್ದು ಸಾಧನವೋ ಬಿಡಿ ಬ್ಯಾಟರಿಯೋ ಜೇಬಿನಲ್ಲಿದ್ದಾಗ. ಕೀಲಿಗೊಂಚಲು, ಚಿಲ್ಲರೆ ಕಾಸಿನ ಜೊತೆ ಜೇಬಿಗೆ ಸೆಲ್ ಹಾಕಿಕೊಂಡರೆ ಶಾರ್ಟ್ ಆಗಲು ಬೇರೇನೂ ಬೇಕಿಲ್ಲ.

ಎಲೆಕ್ಟ್ರಾನಿಕ್ ಸ್ವಿಚ್ಚು ಎಂದರೆ ಇದಕ್ಕೆಲ್ಲ ಪರಿಹಾರ ಎಂದು ಹಲವರು ತಿಳಿದಿದ್ದಾರೆ. ಅರ್ಧ ಮಾತ್ರ ನಿಜ.

ಗುಂಡಿಯ ಜಾಗದಲ್ಲಿ ಮಾಸ್ಫೆಟ್ (ಸಣ್ಣ ಸಂಕೇತದಿಂದ ದೊಡ್ಡ ಕರೆಂಟನ್ನು ಬಿಡುವ, ತಡೆಯುವ ಟ್ರಾನ್ಸಿಸ್ಟರ್) ಕೂರಿಸುವುದು ಮೊದಲ ಹೆಜ್ಜೆ. ಮನೆಯಲ್ಲೇ ಡಬ್ಬಿ ಕಟ್ಟುವವರು ಬಹಳ ಬಳಸಿದ್ದು ಐಆರ್‌ಎಲ್‌ಬಿ 3034 ಎಂಬ ಭಾಗ. ಗೇಟಿಗೆ (ಸಂಕೇತ ಕೊಡುವ ಕಾಲಿಗೆ) 4.5 ವೋಲ್ಟ್ ಕೊಟ್ಟರೆ ಅದರ ರೆಸಿಸ್ಟೆನ್ಸ್ ಹೆಚ್ಚೆಂದರೆ 2 ಮಿಲಿಓಮ್. 20 ಆಂಪಿಗೆ ಬೀಳುವುದು 0.04 ವೋಲ್ಟ್, ಶಾಖ 0.8 ವ್ಯಾಟ್. ಬೆರಳು ಒತ್ತುವ ಬಟನ್ ಈಗ ಗೇಟಿಗೆ ಸಂಕೇತ ಮಾತ್ರ ಕೊಡುತ್ತದೆ. ಅದರಲ್ಲಿ ಹರಿಯುವುದು ಒಂದು ಮಿಲಿಆಂಪಿನ ಚೂರು. ಗುಳಿ ಇಲ್ಲ, ಮಸಿ ಇಲ್ಲ, ಉಜ್ಜುವ ಕೆಲಸವಿಲ್ಲ. ಮೆಕ್ಯಾನಿಕಲ್ ಪ್ರಿಯರು ಹೇಳುವ "ನೇರವಾಗಿ ತಾಗುವುದರಿಂದ ನಷ್ಟ ಕಡಿಮೆ" ಎಂಬ ಮಾತು ಹೊಚ್ಚಹೊಸ, ಚೆನ್ನಾಗಿ ಕಡೆದ, ಬೆಳ್ಳಿ ಲೇಪದ ಗುಂಡಿಗೆ ಒಪ್ಪೀತು. ವರ್ಷ ತುಂಬಿದ ಗುಂಡಿಯ ಎದುರು ಮಾಸ್ಫೆಟ್ಟೇ ಗೆಲ್ಲುತ್ತದೆ.

ಆದರೆ ನನ್ನ ಮೂರನೆಯ ಪ್ರಶ್ನೆಯನ್ನು ಇದಕ್ಕೂ ಕೇಳಬೇಕು. ಸುಟ್ಟ ಮಾಸ್ಫೆಟ್ ಬಹುಪಾಲು ಶಾರ್ಟ್ ಆಗಿಯೇ ಸಾಯುತ್ತದೆ. ಅದೂ ಆನ್ ಕಡೆಗೇ ಕೆಡುತ್ತದೆ! ಗೇಟಿನಿಂದ ಸೋರ್ಸಿಗೆ (ಕರೆಂಟು ಹೊರಹೋಗುವ ಕಾಲಿಗೆ) ಹತ್ತು ಹದಿನೈದು ಕಿಲೋಓಮಿನ ರೆಸಿಸ್ಟರ್ ಹಾಕದಿದ್ದರೆ ಬಟನ್ ಬಿಟ್ಟ ಮೇಲೂ ಗೇಟಿನಲ್ಲಿ ಚಾರ್ಜ್ ಉಳಿದು ಕಾಯಿಲ್ ಕಾಯುತ್ತಲೇ ಇರಬಹುದು. ಸೆಲ್ಲನ್ನು ತಲೆಕೆಳಗಾಗಿ ಹಾಕಿದರೆ ಮಾಸ್ಫೆಟ್ಟಿನೊಳಗೇ ಇರುವ ಡಯೋಡ್ ತೆರೆದುಕೊಂಡು, ಬಟನ್ ಮುಟ್ಟದೆಯೇ ಕರೆಂಟು ಹರಿಯುತ್ತದೆ. ಸೆಲ್ ಇಳಿದು 3 ವೋಲ್ಟಿಗೆ ಬಂದಾಗ ಗೇಟಿಗೂ ಅಷ್ಟೇ ಸಿಗುವುದರಿಂದ ಅದು ಪೂರ್ತಿ ತೆರೆಯದೆ ಹೆಚ್ಚು ಬಿಸಿಯಾಗುತ್ತದೆ. ಇಷ್ಟಕ್ಕೂ ಬರೀ ಮಾಸ್ಫೆಟ್ ಇರುವ ಡಬ್ಬಿ ಕಾಯಿಲ್ ಎಷ್ಟು ಓಮ್ ಎಂದು ಅಳೆಯುವುದಿಲ್ಲ. ಅದು ಗಟ್ಟಿಮುಟ್ಟಾದ ಗುಂಡಿ, ಅಷ್ಟೆ, ಬುದ್ಧಿ ಬಂದಿಲ್ಲ.

ಬುದ್ಧಿ ಬರುವುದು ಅದರ ಹಿಂದೆ ಕಂಟ್ರೋಲರ್ ಕೂತಾಗ. ರೆಗ್ಯುಲೇಟೆಡ್ ಸಾಧನ ಮೊದಲು ಕಾಯಿಲನ್ನು ಅಳೆಯುತ್ತದೆ, ಮಿತಿಗಿಂತ ಕಡಿಮೆ ಇದ್ದರೆ ಒಲ್ಲೆ ಎನ್ನುತ್ತದೆ. ಬಟನ್ ಒತ್ತಿಯೇ ಇದ್ದರೆ ಸಾಮಾನ್ಯವಾಗಿ ಹತ್ತು ಸೆಕೆಂಡಿಗೆ ನಿಲ್ಲಿಸುತ್ತದೆ. ಸೆಲ್ ತೀರಾ ಇಳಿದರೆ ನಿಲ್ಲಿಸುತ್ತದೆ. ಐದು ಸಲ ಬೇಗಬೇಗ ಒತ್ತಿದರೆ ಪೂರ್ತಿ ಲಾಕ್. 2014ರಲ್ಲಿ ಅಮೆರಿಕದ ಇವೊಲ್ವ್ ಕಂಪನಿ ತಂದ ಡಿಎನ್‌ಎ 40 ಬೋರ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನಿಕಲ್ ತಂತಿ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ; ಕೋಣೆಯ ತಾಪದಲ್ಲಿ 0.10 ಓಮ್ ಇದ್ದದ್ದು 200 ಡಿಗ್ರಿ ಏರಿದಾಗ ಸುಮಾರು 0.22 ಆಗುತ್ತದೆ. ಆ ಬದಲಾವಣೆಯಿಂದಲೇ ಕಾಯಿಲಿನ ತಾಪ ಲೆಕ್ಕ ಹಾಕಿ, ಕಾಯಿಲಿಗೆ ದ್ರವ ಉಣಿಸುವ ಹತ್ತಿ ಒಣಗಿ ಸುಡುವ ಮೊದಲೇ ಕರೆಂಟನ್ನು ಇಳಿಸುವ ಉಪಾಯ. ಬೇರೆ ಸೆನ್ಸರ್ ಬೇಕಿಲ್ಲ, ಕಾಯಿಲೇ ಥರ್ಮಾಮೀಟರ್. ಇದನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷ ಹೇಳತೀರದು. ಹೀಗೆ ಬದಲಾಗದ ಕಾಂಥಾಲ್ ತಂತಿಯಲ್ಲಿ ಇದು ನಡೆಯುವುದಿಲ್ಲ.

ಈ ಬೋರ್ಡುಗಳಲ್ಲಿ ಕರೆಂಟನ್ನು ಹೊರುವುದೂ ಮಾಸ್ಫೆಟ್ಟುಗಳೇ, ಅವೂ ಸಾಯುತ್ತವೆ. ವ್ಯತ್ಯಾಸ ಏನೆಂದರೆ, ಒಂದು ಸತ್ತರೆ ಹಿಂದೆ ಇನ್ನೊಂದು ಕಾವಲಿದೆ: ಫ್ಯೂಸ್ ಇರಬಹುದು, ಸೆಲ್ಲಿನ ಬದಿಯಲ್ಲಿ ಪ್ರತ್ಯೇಕ ಕಟಾಫ್ ಇರಬಹುದು. ಸಾಧನ ಕೊಳ್ಳುವಾಗ ವ್ಯಾಟ್ ಎಷ್ಟು ಎಂದು ಕೇಳುವುದಕ್ಕಿಂತ ಈ ಎರಡನೆಯ ಕಾವಲು ಇದೆಯೇ ಎಂದು ಕೇಳುವುದು ಮೇಲು. ಈ ಸಾಧನಗಳ ವಿದ್ಯುತ್ ಸುರಕ್ಷತೆಗಾಗಿಯೇ ಯುಎಲ್ 8139 ಎಂಬ ಮಾನದಂಡವೂ ಇದೆ.

ಬಟನ್ನೇ ಇಲ್ಲದೆ, ಎಳೆದರೆ ತಾನೇ ಹೊತ್ತಿಕೊಳ್ಳುವ ಸಾಧನಗಳಲ್ಲಿ ಗಾಳಿಯ ಒತ್ತಡ ಗುರುತಿಸುವ ಪುಟ್ಟ ಸೆನ್ಸರ್ ಇರುತ್ತದೆ. ದ್ರವ ಸೋರಿ ಅದು ನೆಂದರೆ ಯಾರೂ ಎಳೆಯದೆಯೂ ಹೊತ್ತಿಕೊಳ್ಳಬಹುದು. ಬಳಸಿ ಬಿಸಾಡುವ ವೇಪುಗಳು ಹೆಚ್ಚಿನವು ಈ ಜಾತಿಯವು. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಅವುಗಳ ಮಾರಾಟ ನಿಷಿದ್ಧ.

ಹುಡುಗನಿಗೆ ನಾನು ಕೊಟ್ಟ ತೀರ್ಮಾನ ಇದು: ಕೊಳವೆ ಬೇಡ. ಓಮ್ ಅಳೆಯಲು, ಸೆಲ್ ಗುಣ ತಿಳಿಯಲು, ಪ್ರತಿ ವಾರ ಬಿಚ್ಚಿ ಒರೆಸಲು ತಾಳ್ಮೆ ಇರುವವರು ಅದನ್ನು ಸುರಕ್ಷಿತವಾಗಿ ಬಳಸಿಯಾರು, ಅವರ ಕೌಶಲವನ್ನು ನಾನು ಗೌರವಿಸುತ್ತೇನೆ. ಆದರೆ ಬಳಸುವವನ ಎಚ್ಚರವೊಂದನ್ನೇ ನಂಬಿ ಕೂತ ಸ್ವಿಚ್ಚನ್ನು, ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬಸ್ಸು ಹತ್ತುವ ಹುಡುಗನ ಜೇಬಿನಲ್ಲಿ ಇಡಲು ನನ್ನ ಮನಸ್ಸು ಒಪ್ಪಲಿಲ್ಲ. ಒಂದೇ ಸೆಲ್ಲಿನ ರೆಗ್ಯುಲೇಟೆಡ್ ಸಾಧನ ಸಾಕು, ನಿಕೋಟಿನ್ ಪ್ರಮಾಣವನ್ನೂ ಇಳಿಸುತ್ತಾ ಹೋಗು ಅಂದೆ. ಬಿಡಿ ಸೆಲ್ಲಿಗೆ ಪ್ಲಾಸ್ಟಿಕ್ ಡಬ್ಬಿ ನಾನೇ ಕೊಟ್ಟೆ. ಊರಿಗೆ ಹೋಗುವಾಗ ಯಾವುದನ್ನೂ ಒಯ್ಯಬೇಡ ಎಂದೂ ಹೇಳಿದ್ದೇನೆ: ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು, 2019ರ ಕೇಂದ್ರ ಕಾಯ್ದೆಯಡಿ ಆಮದು, ಮಾರಾಟ ಎಲ್ಲವೂ ಅಪರಾಧ, ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅವನು ಒಪ್ಪಿದ. ಒಪ್ಪಿದ ಮೇಲೆ ಅವನ ರೂಮ್‌ಮೇಟ್ ಹತ್ತಿರ ಯಾರೋ ಕೈಯಲ್ಲಿ ಕಟ್ಟಿಕೊಟ್ಟ ಮಾಸ್ಫೆಟ್ ಡಬ್ಬಿಯೊಂದಿದೆ, ಅದರಲ್ಲಿ ಫ್ಯೂಸ್ ಇದ್ದ ಹಾಗೆ ಕಾಣಲಿಲ್ಲ ಅಂದ. ಶನಿವಾರ ಸೆಲ್ ತೆಗೆದು, ಡಬ್ಬಿ ಮಾತ್ರ ತರಲು ಹೇಳಿದ್ದೇನೆ. ಗೇಟಿನ ರೆಸಿಸ್ಟರ್ ಮೊದಲು ನೋಡಬೇಕು.